ಮಗಳ ಕಾದಂಬರಿಯಲ್ಲಿ ನನ್ನ ಪಾತ್ರ

ಮಕ್ಕಳು ಬರೆದಿಟ್ಟದ್ದನ್ನು ತಂದೆತಾಯಿಗಳು ಕದ್ದು ಓದಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಒಪ್ಪುತ್ತಲೇ ಓದಿದೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡಿಸುವ ನನಗೆ ಓದಿನ ಚಟ ಅಷ್ಟಿಲ್ಲ. ಕಾಲೇಜು ಬಿಟ್ಟ ಮೇಲೆ ಪೂರ್ತಿ ಓದಿದ್ದು ಲಗ್ನಪತ್ರಿಕೆಗಳನ್ನು ಮಾತ್ರ. ಮಗಳು ಭಾಗ್ಯಶ್ರೀಗೆ ಹುಟ್ಟಿನಿಂದ ಥಲಸ್ಸೇಮಿಯಾ. ತಿಂಗಳಿಗೊಮ್ಮೆ ಕಲಬುರಗಿಯ ಆಸ್ಪತ್ರೆಗೆ ಹೋಗಿ ರಕ್ತ ಹಾಕಿಸಬೇಕು. ಈ ಹದಿನೇಳರ ಹುಡುಗಿ ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು ಇನ್ನೊಂದರಲ್ಲಿ ಪ್ರೇಮಕಥೆ ಬರೆಯುತ್ತಾಳೆ, ಸೇಡಂ, ಚಿತ್ತಾಪುರದಿಂದ ಬರುವ ಮಕ್ಕಳು ಮುಂದಿನ ಅಧ್ಯಾಯಕ್ಕಾಗಿ ಕಾದು ಕೂರುತ್ತಾರೆ ಎಂದು ಅಲ್ಲಿನ ನರ್ಸಮ್ಮ ಹೇಳಿದಾಗ ನನ್ನ ಎದೆ ಉಬ್ಬಿತು.

ಆ ಹೆಮ್ಮೆಯಲ್ಲೇ ನೋಟ್‌ಬುಕ್ ತೆಗೆದೆ. ನಾಯಕಿಗೂ ಮಗಳದೇ ಕಾಯಿಲೆ. ನಾಯಕ ಪಕ್ಕದ ವಾಡಿ ಊರಿನವನು, ಅವನಿಗೂ ಅದೇ. ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿ, ಯಾರ ರಕ್ತದ ಚೀಲ ಮೊದಲು ಖಾಲಿಯಾಗುತ್ತದೆಂದು ಪಂದ್ಯ ಕಟ್ಟುತ್ತಾರೆ. ವಾಡಿಯಲ್ಲಿ ಇಂಥ ಹುಡುಗ ಯಾರಪ್ಪ ಎಂದು ಎರಡು ದಿನ ಗುಟ್ಟಾಗಿ ವಿಚಾರಿಸಿದ್ದೂ ಉಂಟು. ಯಾರೂ ಇರಲಿಲ್ಲ. ಆದರೆ ಕೊನೆಯ ಪುಟದಲ್ಲಿ ನಾಯಕಿ ಸಾಯುತ್ತಾಳೆ. ಅವಳ ಸಮಾಧಿಯ ಮೇಲೆ ಕನ್ನಡಿಯಂತೆ ಹೊಳೆಯುವ ಶಹಾಬಾದ್ ಕಲ್ಲು.

ನೋಟ್‌ಬುಕ್ ಹಿಡಿದೇ ಎದ್ದೆ. ಮಗಳ ಮುಂದೆ ಹೋಗಿ ಏನೇನೋ ಹೇಳಬೇಕೆಂದು ನಿಂತೆ. ಬಾಯಿಂದ ಬಂದದ್ದೇ ಬೇರೆ.

"ಸಮಾಧಿಗಿ ಪಾಲಿಶ್ ಕಲ್ಲ ಹಾಕಬಾರದವ್ವ. ಎರಡ ಮಳಿಗಿ ಹೊಳಪು ಹೋಗ್ತದ."

ಕದ್ದು ಓದಿದ್ದಕ್ಕೆ ಭಾಗ್ಯಾ ಬೈಯಲಿಲ್ಲ. ಆಗ ನಾಚಿಕೆ ಬಿಟ್ಟು ಕೇಳಿಕೊಂಡೆ: "ಆ ಹುಡುಗಿ ಸಾಯೂದು ಬ್ಯಾಡ."

ಇಂಥ ಕಥೆಯಲ್ಲಿ ಯಾರಾದರೂ ಸಾಯಲೇಬೇಕು, ಇಲ್ಲದಿದ್ದರೆ ವಾರ್ಡಿನವರು ಅಳುವುದಿಲ್ಲ ಎಂದು ಲೇಖಕಿಯ ಗತ್ತಿನಲ್ಲಿ ತಿಳಿಸಿದಳು. ಬೇರೆ ಯಾರನ್ನಾದರೂ ಸಾಯಿಸು, ಅವಳನ್ನು ಬಿಡು ಎಂದೆ. ವಿಚಾರ ಮಾಡುತ್ತೇನೆ ಅಂದಳು.

ಮುಂದಿನ ತಿಂಗಳು ತಾನೇ ನೋಟ್‌ಬುಕ್ ತಂದುಕೊಟ್ಟಳು. ನಾಯಕಿ ಬದುಕಿದ್ದಾಳೆ. ಲೈಬ್ರರಿಯಲ್ಲಿ ನೌಕರಿ ಹಿಡಿದು, ವಾಡಿಯ ಹುಡುಗನ ಜೊತೆ ಚಂದ್ರಂಪಳ್ಳಿ ಡ್ಯಾಮಿನ ದಂಡೆಯಲ್ಲಿ ಬುತ್ತಿ ಬಿಚ್ಚಿಕೊಂಡು ಜಗಳಾಡುತ್ತಾಳೆ. ಸತ್ತವನು ಅವಳ ಅಪ್ಪ: ಕಲ್ಲಿನ ವ್ಯಾಪಾರಿ, ಹೊಟ್ಟೆ ಮುಂದೆ ಬಂದಿದೆ, ಹುಬ್ಬಿನಲ್ಲಿ ಸದಾ ಬಿಳಿ ಧೂಳು. ನನ್ನ ಹೆಂಡತಿ ಶಿವ ಶಿವಾ ಎಂದು ನೋಟ್‌ಬುಕ್ ಕೆಳಗಿಟ್ಟಳು. ನನಗೆ ಮಾತ್ರ ಭಾರಿ ಸಂತೋಷವಾಯಿತು. ಅವಳ ಬದಲು ನನ್ನನ್ನು ತೆಗೆದುಕೋ ಎಂದು ಹದಿನೇಳು ವರ್ಷದಿಂದ ದೇವರ ಜಗಲಿಯ ಮುಂದೆ ಕೂತು ಕೇಳುತ್ತಿದ್ದುದನ್ನು ಮಗಳು ಒಂದೇ ತಿಂಗಳಲ್ಲಿ ಮಂಜೂರು ಮಾಡಿದ್ದಳು.

ತಕರಾರು ಒಂದೇ. ನಾಯಕನ ನೆಗಡಿಗೆ ಒಂದೂವರೆ ಪುಟ, ನನ್ನ ಸಾವಿಗೆ ಒಂದೇ ಸಾಲು. ಕೇಳಿದ್ದಕ್ಕೆ ತಲೆ ತಗ್ಗಿಸಿದಳು.

"ಬರಿಯಾಕ ಕುಂತ್ರ ಅಳು ಬರಾಕತ್ತಿತ್ತು, ಅಪ್ಪಾ. ಅದಕ್ಕ ಲಗೂನ ಮುಗಿಸೀನಿ."

ಅಂದಿನಿಂದ ಆ ಒಂದು ಸಾಲನ್ನು ಕಲ್ಲು ನೋಡಲು ಬಂದವರಿಗೆಲ್ಲ ಓದಿ ಹೇಳುತ್ತಿದ್ದೇನೆ. ಅಭಿನಂದಿಸಬೇಕೋ, ಸಂತಾಪ ಹೇಳಬೇಕೋ ತಿಳಿಯದೆ ಅವರು ಒದ್ದಾಡುತ್ತಾರೆ. ತೀರಿಕೊಂಡವನೇ ಎದ್ದು ಅವರಿಗೆ ಚಹಾ ತರಿಸುತ್ತಾನೆ.