ಆಲ್ತಾರಿನ ಕೆಳಗಿನ ಕುಲುಮೆ

ನನ್ನ ನಾದಿನಿಗೆ ಹುಚ್ಚು ಎಂದು ನಾನು ಯಾರಲ್ಲೂ ಹೇಳಿದವಳಲ್ಲ. ಬಿಲ್ಡಿಂಗಿನವರು ಹೇಳುವಾಗ ತಡೆದವಳೂ ಅಲ್ಲ. ಸತ್ಯಕ್ಕೆ ಅಡ್ಡ ಬರಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದಾರಲ್ಲ!

ಕುವೈಟಿನಲ್ಲಿ ನರ್ಸ್ ಆಗಿ, ಹಾಸ್ಟೆಲ್ ರೂಮಿನ ಅರ್ಧಭಾಗದಲ್ಲೇ ಆಯುಷ್ಯ ಕಳೆದವಳು ರಿಟೈರ್ ಆದ ಮೇಲೆ ನಂತೂರಿನ ನನ್ನ ಸಣ್ಣ ಫ್ಲ್ಯಾಟಿಗೆ ಬಂದಳು. ನನ್ನವರು ತೀರಿಕೊಂಡ ಮೇಲೆ ನಾನೊಬ್ಬಳೇ. ಒಂದು ಕಂಪನಿ ಆಯಿತು ಎಂದುಕೊಂಡೆ. ಅವಳ ಸೂಟ್‌ಕೇಸಿನ ಹಿಂದೆಯೇ ಒಂದು ಕರೆಂಟಿನ ಕುಲುಮೆಯೂ ಬಂತು. ತಾಮ್ರದ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿ ಉದುರಿಸಿ, ಕೆಂಪಗೆ ಕಾಯಿಸಿ ಕರಗಿಸುವ ಎನಾಮೆಲ್ ಕೆಲಸವಂತೆ. ಈ ವಯಸ್ಸಿನಲ್ಲಿ ಮರ್ಯಾದಸ್ಥರು ಕ್ರೋಶಾ ಹಾಕುತ್ತಾರೆ.

ಕುಲುಮೆಗೆ ತಕ್ಕ ದೊಡ್ಡ ಪ್ಲಗ್ ಪಾಯಿಂಟ್ ಇದ್ದದ್ದು ಹಾಲ್‌ನಲ್ಲಿ, ಶಿಲುಬೆ ಇಟ್ಟು ಪ್ರಾರ್ಥನೆ ಮಾಡುವ ಆಲ್ತಾರಿನ ಕೆಳಗೆ. ಅಲ್ಲಿದ್ದ ಫ್ರಿಡ್ಜ್ ನನ್ನ ಬೆಡ್‌ರೂಮಿಗೆ ಹೋಯಿತು. ನೆಂಟರಿಗೆ ಜ್ಯೂಸ್ ಕೊಡಬೇಕಾದರೆ ನಾನು ಮಂಚ ಸುತ್ತಿ ಬರಬೇಕು! ಚಹಾದ ಸೋಸಣಿಗೆ ಗಾಜಿನ ಪುಡಿ ಜರಡಿ ಹಿಡಿಯಲು ಹೋಯಿತು. ಹಂದಿ ಮಾಂಸಕ್ಕೆಂದು ತೆಗೆದಿಟ್ಟ ವಿನೆಗರ್ ತಾಮ್ರ ತೊಳೆಯಲು ಹೋಯಿತು.

ಇಷ್ಟಾಗಿಯೂ ಅವಳು ಮಾಡಿದ್ದೆಲ್ಲ ತಣಿಯುವಾಗ ‘ಟಿಕ್’ ಎಂದು ಬಿರಿಯುತ್ತಿತ್ತು.

“ಎಂತ ಮಾರಾಯ್ತಿ, ಪುನಃ ಹೋಯ್ತಾ?”

“ಹಿಂದಿನ ಬದಿ ಬಣ್ಣ ಹಾಕಿರಲಿಲ್ಲ, ವೊನಿ.” ಅಣ್ಣನ ಹೆಂಡತಿಯನ್ನು ನಮ್ಮಲ್ಲಿ ಹಾಗೆ ಕರೆಯುವುದು. “ಯಾರಿಗೂ ಕಾಣದಿದ್ರೂ ಹಿಂದೆ ಹಾಕ್ಲೇಬೇಕು. ಇಲ್ಲದಿದ್ರೆ ಎದುರಿನದ್ದು ಒಡೀತದೆ.”

ಮೇಲಿನ ಮನೆಯ ಶೆಟ್ಟಿ ಆಂಟಿ ಲಿಫ್ಟಿನಲ್ಲಿ ಕೇಳಿದರು: “ನಿಮ್ಮ ಮನೆಯಲ್ಲಿ ಎಂತ, ಬೈಕಂಪಾಡಿಯ ಬ್ರಾಂಚ್ ಉಂಟಾ?” ಫ್ಯಾಕ್ಟರಿ ಇರುವ ಊರಿಗೂ ನನ್ನ ಡ್ರಾಯಿಂಗ್ ರೂಮಿಗೂ ನೆಂಟಸ್ತಿಕೆ! ನಾನು ಲಿಫ್ಟಿನ ಗುಂಡಿಗಳನ್ನೇ ನೋಡುತ್ತಾ ನಿಂತೆ.

ಆದರೆ ಮಾನ ಪೂರ್ತಿ ಹೋದದ್ದು ಚರ್ಚಿನ ನಮ್ಮ ವಾರ್ಡಿನವರು ರೋಸರಿಯ ಜಪಕ್ಕೆ ನಮ್ಮ ಮನೆಗೆ ಬಂದ ಸಂಜೆ. ನಾದಿನಿಯ ಗಡಿಯಾರವೆಂದರೆ ಪ್ರಾರ್ಥನೆ. ಹತ್ತು ‘ನಮಾನ್ ಮರಿಯೆ’ ಜಪ ಮುಗಿಯುವಾಗ ಗಾಜು ಕರಗಿರುತ್ತದೆ. ಇದು ಅವಳ ಸಂಶೋಧನೆ. ಅಂದು ಎಲ್ಲರೂ ಮೊಣಕಾಲೂರಿದ್ದೇ ತಡ, ಮೆಲ್ಲಗೆ ಒಂದು ತಗಡನ್ನು ಒಳಗೆ ತಳ್ಳಿದಳು. ಪ್ರಾರ್ಥನೆ ನಡೆಸುವ ನಮ್ಮ ವಾರ್ಡಿನ ಮುಖ್ಯಸ್ಥ ಗುರ್ಕಾರರೋ, ಒಂದೊಂದು ಶಬ್ದವನ್ನೂ ಕಬ್ಬಿನಂತೆ ಜಗಿದು ಜಪಿಸುವವರು. ಆರನೆಯ ನಮಾನಿಗೇ ಅವಳು ಚಡಪಡಿಸತೊಡಗಿದಳು. ಎಂಟನೆಯದಕ್ಕೆ ಬಾಯಿಬಿಟ್ಟಳು.

“ಗುರ್ಕಾರರೇ, ಸ್ವಲ್ಪ ಸ್ಪೀಡ್ ಮಾಡಿ. ಕೆಂಪು ಕಪ್ಪಾಗ್ತದೆ.”

ಅವರು ಸ್ಪೀಡ್ ಮಾಡಲಿಲ್ಲ, ಪೂರಾ ನಿಂತೇಬಿಟ್ಟರು. ಅವಳು ಎದ್ದು, ಉದ್ದ ಇಕ್ಕಳದಲ್ಲಿ ನಿಗಿನಿಗಿ ತಗಡನ್ನು ಅವರ ಬಕ್ಕತಲೆಯ ಪಕ್ಕದಿಂದ ಹೊರತೆಗೆದಳು. ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡರು. ನಾನು ನೆಲದ ಟೈಲ್ಸ್ ಬಿರಿದು ನನ್ನನ್ನು ನುಂಗಲಿ ಎಂದು ಬೇಡಿಕೊಂಡೆ. ಟೈಲ್ಸ್ ಗಟ್ಟಿ.

ಮರುದಿನವೇ ನನ್ನ ಕಸಿನ್‌ಗೆ ಫೋನ್ ಮಾಡಿ ಅವನ ಬೈಕಂಪಾಡಿಯ ಗೋಡೌನಿನಲ್ಲಿ ಒಂದು ಮೂಲೆ ಕೇಳಿದೆ. “ನಿನ್ನ ಸಾಮಾನೆಲ್ಲ ಅಲ್ಲಿ ಇಡು, ನನಗೆ ತಲೆ ಎತ್ತಿ ನಡೀಲಿಕ್ಕಾಗುದಿಲ್ಲ” ಎಂದು ನಾದಿನಿಗೆ ಹೇಳಿದೆ.

ಅವಳು ಜಗಳಾಡಲಿಲ್ಲ. ಪುಡಿಯ ಡಬ್ಬಿಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿದಳು. ಕೊನೆಗೆ ನಿನ್ನೆಯ ತಗಡನ್ನು ನನ್ನ ಕೈಯಲ್ಲಿಟ್ಟಳು. ಅದು ಬಾಗಿಲಿನ ಬೋರ್ಡು. ಕೆಂಪು ನೆಲದ ಮೇಲೆ ಬಿಳಿ ಅಕ್ಷರದಲ್ಲಿ ನನ್ನ ಹೆಸರು.

“ಹಳೇ ಬೋರ್ಡನ್ನು ಉಪ್ಪುಗಾಳಿ ತಿಂದಿದೆ. ಇದು ತುಕ್ಕು ಹಿಡಿಯುದಿಲ್ಲ. ಮೂಲೆ ಸ್ವಲ್ಪ ಕಪ್ಪಾಗಿದೆ, ಗುರ್ಕಾರರ ಉಪಕಾರ.”

ಹಿಂದೆ ಬಣ್ಣ ಹಾಕಿದ್ದಾಳೋ ಎಂದು ತಿರುಗಿಸಿದೆ. ಹಾಕಿದ್ದಳು. ಗೋಡೆಗೆ ಮುಖಮಾಡುವ ಆ ಬದಿಯಲ್ಲಿ, ನೀಲಿಯ ಮೇಲೆ, ಸಣ್ಣದಾಗಿ ಅವಳ ಹೆಸರು.

“ಇದೆಂತ?”

“ಯಾರಿಗೂ ಕಾಣುದಿಲ್ಲ, ವೊನಿ. ನಿನಗೆ ನಾಚಿಕೆ ಆಗುದಿಲ್ಲ.”

ಅಲ್ಲಿಯವರೆಗೆ ನಾನು ಪಟ್ಟದ್ದೆಲ್ಲ ಒಂದು ನಾಚಿಕೆಯೇ?

ಕುಲುಮೆ ಈಗಲೂ ಆಲ್ತಾರಿನ ಕೆಳಗೇ ಇದೆ, ಫ್ರಿಡ್ಜ್ ನನ್ನ ಬೆಡ್‌ರೂಮಿನಲ್ಲೇ. ಬೋರ್ಡನ್ನು ಮೊಳೆ ಹೊಡೆದು ಗೋಡೆಗೆ ಕೂರಿಸಲಿಲ್ಲ. ಬಾಗಿಲ ಪಕ್ಕದಲ್ಲಿ ಸಣ್ಣ ಸರಪಳಿಯಿಂದ ತೂಗುಹಾಕಿದ್ದೇನೆ. ಕಾರಿಡಾರಿನ ಗಾಳಿಗೆ ಆ ಕಡೆ ಈ ಕಡೆ ತಿರುಗುತ್ತಿರುತ್ತದೆ. ಮೊನ್ನೆ ಕೊರಿಯರಿನವನು ನನ್ನ ಪಾರ್ಸೆಲ್ ಹಿಡಿದು, ಬೋರ್ಡಿನಲ್ಲಿ ಅವಳ ಹೆಸರು ಓದಿ ಗೊಂದಲಕ್ಕೆ ಬಿದ್ದ.

“ಇದು ಯಾರ ಮನೆ, ಮೇಡಮ್?”

“ಸ್ವಲ್ಪ ನಿಲ್ಲು ಮಾರಾಯ,” ಎಂದೆ, “ಗಾಳಿ ಬರಲಿ.”