ಲಾಭ, ಎರಡು, ಮೂರು

ಖಂಡೆಪ್ಪನ ಹೆಬ್ಬೆರಳು ಸ್ವಲ್ಪ ದಪ್ಪ. ಅವತ್ತಿನ ಫಜೀತಿಗೆ ಮೂಲ ಕಾರಣ ಅಷ್ಟೇ.

ಬಸವನ ಬಾಗೇವಾಡಿಯ ಒಂದು ಸರಕಾರಿ ಕಚೇರಿಯಲ್ಲಿ ಆತ ಗುಮಾಸ್ತ. ಯಾವ ಇಲಾಖೆ ಎಂದು ಕೇಳಬೇಡಿ. ಅಲ್ಲಿ ಕೆಲಸ ಮಾಡುವವರಿಗೇ ಒಮ್ಮೊಮ್ಮೆ ನೆನಪಿರುವುದಿಲ್ಲ. ಹೆಂಡತಿ ಸುವರ್ಣಾ ಅವನ ಸ್ವಂತ ಊರಾದ ಇಂಡಿಯಲ್ಲಿ ಶಾಲಾ ಶಿಕ್ಷಕಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಇಬ್ಬರೂ ಜೊತೆಗೆ ಕೂತು ಉಂಡದ್ದೆಲ್ಲ ಭಾನುವಾರಗಳಲ್ಲೇ. ಸೋಮವಾರ ಮುಂಜಾನೆ ತನ್ನ ಹೆಂಡತಿ ಹೇಗೆ ಕಾಣುತ್ತಾಳೆ ಎಂಬುದು ಪಾಪ, ಖಂಡೆಪ್ಪನಿಗೆ ಗೊತ್ತಿರಲಿಲ್ಲ. ಈಗ ಇಂಡಿಯ ಕಚೇರಿಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ವರ್ಗಾವಣೆ ಕೇಳಿದವರಲ್ಲಿ ಸೇವೆಯ ಹಿರಿತನದಿಂದ ಖಂಡೆಪ್ಪನೇ ಮೊದಲನೆಯವ. ಮಧ್ಯಾಹ್ನ ಮೂರಕ್ಕೆ ಪಟ್ಟಿ ಜಿಲ್ಲಾ ಕಚೇರಿಗೆ ಹೋಗಬೇಕು, ಸಂಜೆಯೊಳಗೆ ಆದೇಶ ಬರಬೇಕು.

ಪಟ್ಟಿ ಕಳಿಸುವವರು ಶ್ರೀಶೈಲ ಸಾಹೇಬರು. ಮನುಷ್ಯ ಕೆಟ್ಟವರಲ್ಲ. ಆದರೆ ‘ವಿಚಾರ ಕಟ್ಟಿ’ ಎಂಬ ವಾಟ್ಸಪ್ ಗುಂಪಿನ ಯಜಮಾನರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಊರಿನ ಇನ್ನೂರು ಮಂದಿ ಅದರಲ್ಲಿದ್ದರು. ಭೂಮಿ ತಿರುಗುವುದು ಖರೇ ಆದರೆ ಆಲಮಟ್ಟಿ ಡ್ಯಾಮಿನ ನೀರು ಯಾಕೆ ತುಳುಕುವುದಿಲ್ಲ, ಯಾರೂ ನೋಡದಿದ್ದಾಗ ಚಂದ್ರ ಇರುತ್ತಾನೋ ಇಲ್ಲವೋ, ಇಂಥವನ್ನು ಅಲ್ಲಿ ದಿನಾಲೂ ಚರ್ಚಿಸಿ, ದಿನಾಲೂ ಇಬ್ಬರು ಮುನಿಸಿಕೊಂಡು ಗುಂಪು ಬಿಟ್ಟು, ಮರುದಿನ ಮತ್ತೆ ಸೇರುತ್ತಿದ್ದರು. ಕಚೇರಿಯ ಮಂದಿಯೆಲ್ಲ ಅದರಲ್ಲಿರುವುದು ಕಡ್ಡಾಯವೇನಲ್ಲ. ಇರದಿದ್ದವರ ರಜೆಯ ಅರ್ಜಿ ಮಾತ್ರ ಸಾಹೇಬರ ಟೇಬಲ್ಲಿನ ಮೇಲೆ ತಿಂಗಳುಗಟ್ಟಲೆ ಮಲಗುತ್ತಿತ್ತು.

ಖಂಡೆಪ್ಪನಿಗೆ ಆ ಚರ್ಚೆಗಳ ತಲೆಬುಡ ತಿಳಿಯುತ್ತಿರಲಿಲ್ಲ. ಸಾಹೇಬರು ಏನು ಬರೆದರೂ ಹೆಬ್ಬೆರಳಿನ ಚಿತ್ರ ಒತ್ತಿ ಸ್ನಾನಕ್ಕೆ ಹೋಗುತ್ತಿದ್ದ. ಅವತ್ತು ಮುಂಜಾನೆ ಏಳಕ್ಕೆ ಸಾಹೇಬರು ಬರೆದಿದ್ದರು: “ಎಣಿಕೆಯಲ್ಲಿ ಮೊದಲನೆಯದು ಸೊನ್ನೆ. ಶೂನ್ಯದಿಂದಲೇ ಸಕಲವೂ.” ಅದರ ಕೆಳಗೆ ಸಿಂದಗಿಯ ನಿವೃತ್ತ ಗಣಿತ ಶಿಕ್ಷಕ ಇಸ್ಮಾಯಿಲ ಮಾಸ್ತರರು ಉತ್ತರ ಕೊಟ್ಟಿದ್ದರು: “ಕುರಿ ಎಣಿಸುವಾಗ ಸೊನ್ನೆ ಎಂದು ಶುರು ಮಾಡಿದ ಕುರುಬನನ್ನು ತೋರಿಸಿರಿ. ಒಂದೇ ಮೊದಲು.”

ಖಂಡೆಪ್ಪನ ಹೆಬ್ಬೆರಳು ಮಾಸ್ತರರ ಮಾತಿನ ಮೇಲೆ ಬಿತ್ತು.

ತಪ್ಪು ತಿಳಿದು ಲಗುಬಗೆಯಿಂದ ಸಾಹೇಬರ ಮಾತಿಗೂ ಒಂದು ಹೆಬ್ಬೆರಳು ಒತ್ತಿದ. ಅಷ್ಟರಲ್ಲಿ ಮಾಸ್ತರರು ಬರೆದೇಬಿಟ್ಟರು: “ಸಾಹೇಬರ ಸ್ವಂತ ಕಚೇರಿಯ ಖಂಡೆಪ್ಪನವರೇ ನಮ್ಮ ಕಡೆ! ಶಾಬ್ಬಾಸ್!” ಮುದ್ದೇಬಿಹಾಳದ ಯಾರೋ ಕೇಳಿದರು: “ಅವರು ಎರಡಕ್ಕೂ ಹೆಬ್ಬೆರಳು ಎತ್ತಿದ್ದಾರಲ್ಲ? ಸೊನ್ನೆಯೂ ಒಂದೂ ಒಂದೇ ಎಂಬುದು ಅವರ ವಾದವೇ? ದಯಮಾಡಿ ವಿವರಿಸಬೇಕು.” ಸಾಹೇಬರು ಏನೂ ಬರೆಯಲಿಲ್ಲ. ಅದೇ ಹೆದರಿಕೆಯ ಮಾತು.

ಫೋನು ರಿಂಗಾಯಿತು. ಅದೇ ಕಚೇರಿಯ ವಿಜಯಲಕ್ಷ್ಮಿ. ವರ್ಗಾವಣೆ ಪಟ್ಟಿಯಲ್ಲಿ ಎರಡನೆಯವಳು.

“ಅಣ್ಣಾರ, ಏನ್ ಮಾಡಿದ್ರಿ ಇದು! ಇವತ್ತs ಸಾಹೇಬರನ್ನ ಎದುರು ಹಾಕ್ಕೋಬೇಕಿತ್ತೇನ್ರಿ?”

“ಹೆಬ್ಬಟ್ಟು ಜಾರಿತವ್ವಾ.”

“ನನ್ನ ಗತಿ ಏನ್ರಿ? ನಮ್ಮ ಅತ್ತಿ ಇಂಡ್ಯಾಗ ಅದಾಳ. ಮನಿಯವರು ಬಡಕೋತಾರಂತ ನಾ ಅರ್ಜಿ ಹಾಕೇನಿ. ಮೊದಲನೇ ನಂಬರ ನಿಮ್ಮದು, ನನಗ ಸಿಗಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ ಹಾಕೇನ್ರಿ! ಸಾಹೇಬರಿಗೆ ಈಗಿಂದೀಗ ಒಂದ ದನಿ ಕಳಸ್ರಿ. ಸೊನ್ನಿನs ಮೊದಲು ಅನ್ರಿ, ಹೆಚ್ಚಿಗಿ ಏನೂ ಅನಬ್ಯಾಡ್ರಿ.”

ಮಾತು ಸರಿಯಾಗಿತ್ತು. ಖಂಡೆಪ್ಪ ಗುಂಪು ತೆರೆದು ಮೈಕಿನ ಗುಂಡಿ ಒತ್ತಿ ಮೇಲಕ್ಕೆ ಜಾರಿಸಿ, ಗಂಟಲು ಸರಿ ಮಾಡಿಕೊಂಡ. ಅಷ್ಟರಲ್ಲಿ ಹಿತ್ತಲಿನಿಂದ ಕೂಗು ಬಂತು.

“ಖಂಡೆಪ್ಪಾ! ಎಟ್ಟೊತ್ತು ಕರೀಬೇಕೋ ನಿನ್ನ?”

ಮನೆಯ ಒಡತಿ ಸಿದ್ದಲಿಂಗವ್ವ. ಎಪ್ಪತ್ತು ದಾಟಿದ ಹೆಣ್ಣುಮಗಳು. ಅವಳ ಕೂಗಿಗೆ ಬಾರದೆ ಇರಲು ಓಣಿಯಲ್ಲಿ ಯಾರಿಗೂ ಎದೆಯಿಲ್ಲ. ಬೀಗರಿಗೆ ಜೋಳ ಕಳಿಸುವುದಿತ್ತು. ಅವಳಿಗೆ ಸೊಂಟ ಬಗ್ಗದು, ಅಳೆಯುವ ಕೆಲಸ ಬಾಡಿಗೆಯವನದು. ಖಂಡೆಪ್ಪ ಫೋನನ್ನು ಅಂಗಿಯ ಜೇಬಿಗೆ ತುರುಕಿ ಓಡಿದ. ಸೇರು ತುಂಬಿ ಚೀಲಕ್ಕೆ ಸುರಿದು “ಒಂದು” ಎಂದ.

“ಹುಚ್ಚಪ್ಪಾ! ಕಾಳು ಅಳಿಯೂಮುಂದ ಒಂದು ಅಂತಾರೇನೋ? ಮೊದಲನೇ ಸೇರಿಗೆ ಲಾಭ ಅನ್ನಬೇಕು. ಇಂಡ್ಯಾಗ ಇಷ್ಟೂ ಕಲಿಸಿಲ್ಲೇನು? ಸುರುವು ಹೊಳ್ಳಿ, ಮೊದಲಿಂದ ಅಳಿ.”

ಆ ಪದ್ಧತಿ ಖಂಡೆಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ತಲೆ ಮಾತ್ರ ಗುಂಪಿನಲ್ಲಿತ್ತು. ಚೀಲ ಬರಿದು ಮಾಡಿ ಮತ್ತೆ ಸೇರು ಹಿಡಿದ. ಸೇರು ಕೈಯಲ್ಲೇ ಇತ್ತು, ಸೊನ್ನೆಯ ಯೋಚನೆಯಲ್ಲಿ ಮುಳುಗಿ ಹಾಗೇ ನಿಂತುಬಿಟ್ಟ.

“ಬರೇ ಸೇರು ಹಿಡಕೊಂಡು ಏನ್ ನಿಂತಿ? ಏನೂ ಇಲ್ಲದ್ದನ್ನ ಅಳದ್ರ ರೊಟ್ಟಿ ಆಗ್ತಾವೇನು?”

“ಲಾಭ,” ಎಂದ ಖಂಡೆಪ್ಪ. “ಎರಡು. ಮೂರು. ನಾಕು...”

ಇಪ್ಪತ್ತು ಸೇರು ಮುಗಿಸಿ, ಬೆವರು ಒರೆಸಿಕೊಂಡು ಫೋನು ತೆಗೆದು ನೋಡಿದರೆ ಅದು ಇಷ್ಟು ಹೊತ್ತೂ ದನಿ ಹಿಡಿಯುತ್ತ ಕೂತಿತ್ತು. ಅಳಿಸಿಬಿಡಬೇಕೆಂದು ಗಾಬರಿಯಲ್ಲಿ ಹೆಬ್ಬೆರಳು ಇಟ್ಟ. ಅದು ಕಳಿಸುವ ಗುಂಡಿ. ಆರು ನಿಮಿಷದ ಜೋಳದ ಅಳತೆ ಇನ್ನೂರು ಮಂದಿಗೆ ಹೋಯಿತು. ತಿರುಗಿ ಅಳಿಸುವಷ್ಟರಲ್ಲಿ ಸಾಹೇಬರು ಅದನ್ನು ಇನ್ನೆರಡು ಗುಂಪಿಗೆ ದಾಟಿಸಿಯಾಗಿತ್ತು.

ಖಂಡೆಪ್ಪ ಸ್ನಾನವನ್ನೂ ಮರೆತು ಕಚೇರಿಗೆ ಹೊರಟ. ‘ಏನೂ ಇಲ್ಲದ್ದನ್ನ ಅಳದ್ರ ರೊಟ್ಟಿ ಆಗ್ತಾವೇನು’ ಎಂದರೆ ಸಾಹೇಬರ ಸೊನ್ನೆಯ ಬಾಯಿಗೇ ಹೊಡೆದ ಹಾಗಾಯಿತಲ್ಲ! ಮಾಸ್ತರರಿಗೂ ‘ಹುಚ್ಚಪ್ಪಾ, ಒಂದು ಅಂತಾರೇನೋ’ ಎಂದು ಬೈದ ಹಾಗಾಯಿತು. ಒಂದೇ ಏಟಿಗೆ ಎರಡೂ ಪಕ್ಷ ಕೆಡಿಸಿಕೊಂಡವರು ಬಾಗೇವಾಡಿಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಯೋಚಿಸಿದ. ಯಾರೂ ನೆನಪಾಗಲಿಲ್ಲ. ಗುಂಪು ತೆರೆದು ನೋಡುವ ಧೈರ್ಯವೂ ಆಗಲಿಲ್ಲ.

ಹನ್ನೊಂದಕ್ಕೆ ಕರೆ ಬಂತು. ಸಾಹೇಬರ ಕೋಣೆಯಲ್ಲಿ, ಎದುರಿನ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತವರು ಸಾಕ್ಷಾತ್ ಇಸ್ಮಾಯಿಲ ಮಾಸ್ತರರು. ಸಿಂದಗಿಯಿಂದ ಸಿಕ್ಕ ಬಸ್ಸು ಹಿಡಿದು ಬಂದುಬಿಟ್ಟಿದ್ದರು. ಬಾಗಿಲಲ್ಲಿ ಕಚೇರಿಯ ಮಂದಿಯೆಲ್ಲ ಕತ್ತು ಚಾಚಿ ನಿಂತಿದ್ದರು.

“ಸಾಹೇಬ್ರ, ನನ್ನಿಂದ ತಪ್ಪಾಗೈತ್ರಿ,” ಎಂದು ಖಂಡೆಪ್ಪ ಕೈಮುಗಿದ.

“ತಪ್ಪು?” ಸಾಹೇಬರು ಎದ್ದೇ ನಿಂತರು. “ಖಂಡೆಪ್ಪನವರ, ಹದಿನೈದು ವರ್ಷದಿಂದ ನಾನು ಸೊನ್ನಿ ಸೊನ್ನಿ ಅನ್ನಾಕತ್ತೇನಿ. ಇವರು ಒಂದು ಒಂದು ಅನ್ನಾಕತ್ತಾರ. ಸೊನ್ನಿನೂ ಅಲ್ಲ, ಒಂದೂ ಅಲ್ಲ, ಮೊದಲನೇದು ಲಾಭ! ಇದು ನಮಗ್ಯಾಕ ಹೊಳೀಲಿಲ್ಲ?”

ಖಂಡೆಪ್ಪ ಹಿಂದೆ ತಿರುಗಿ ನೋಡಿದ. ಬೇರೆ ಯಾರಿಗೋ ಹೇಳುತ್ತಿರಬೇಕು ಎನಿಸಿತು.

ಮಾಸ್ತರರು ಕನ್ನಡಕ ಒರೆಸಿದರು. “ಮೊದಲು ಸಿಕ್ಕದ್ದನ್ನ ಎಣಸಬಾರದು, ಕಣ್ಣಿಗೆ ಒತ್ಕೋಬೇಕು. ಎಣಿಕಿ ಆಮ್ಯಾಲೆ. ಏನ್ ಮಾತು ಹೇಳಿದ್ರಿ! ಮೂವತ್ತ ವರ್ಷ ಗಣಿತ ಕಲಿಸೇನಿ, ನಮ್ಮವ್ವ ಜೋಳ ಅಳಿಯೋದನ್ನ ಮರತಬಿಟ್ಟಿದ್ದೆ ನೋಡ್ರಿ.”

“ನಾನೇನೂ ಹೇಳಿಲ್ರಿ. ಬರೇ ಜೋಳ ಅಳದೇನಿ.”

“ಕೇಳಿದ್ರಾ!” ಎಂದು ಸಾಹೇಬರು ಬಾಗಿಲ ಕಡೆ ಕೈ ಮಾಡಿದರು. “ದೊಡ್ಡ ಮಾತು ಹೇಳಿ, ಹೇಳೇ ಇಲ್ಲ ಅಂತಾರ. ಮತ್ತ ಆ ವಾದ ಮಾಡಿದ ಹೆಣ್ಣುಮಗಳು ಯಾರ್ರಿ? ಏನ್ ಧಾಟಿ, ಏನ್ ತರ್ಕ! ಯಾವ ಕಾಲೇಜಿನಾಗ ಅದಾರ?”

“ನಮ್ಮ ಮನಿ ಮಾಲಕರ್ರಿ. ಸಾಲಿ ಮಾರಿ ನೋಡಿಲ್ರಿ.”

ಅದಕ್ಕೂ ಇಬ್ಬರೂ ತಲೆದೂಗಿದರು. ಆಮೇಲೆ ಪ್ರಶ್ನೆಗಳ ಮಳೆ. ಲಾಭದಿಂದ ಲಾಭ ಕಳೆದರೆ ಏನು ಉಳಿಯುತ್ತದೆ? ಲಾಭ ಸಮವೋ ಬೆಸವೋ? ಮನುಷ್ಯ ಹುಟ್ಟುವ ಮೊದಲು ಲಾಭದಲ್ಲಿರುತ್ತಾನೋ ಹೇಗೆ? ಖಂಡೆಪ್ಪ ಎಲ್ಲಕ್ಕೂ “ನನಗ ತಿಳಿವಲ್ತ್ರಿ” ಎಂದ. ಅವರು ಎಲ್ಲವನ್ನೂ ಬರೆದುಕೊಂಡರು. ಪರೀಕ್ಷೆಗೆಂದು ಕಚೇರಿಯ ಮಂದಿಯನ್ನು ಸಾಲಾಗಿ ನಿಲ್ಲಿಸಿ ಲಾಭ, ಎರಡು, ಮೂರು ಎಂದು ಎಣಿಸಿದರು. ಕೆಲಸಕ್ಕೆಂದು ಬಂದ ಯಂಕಂಚಿಯ ರೈತನೊಬ್ಬ ಏನೋ ಹಂಚುತ್ತಾರೆಂದು ತಿಳಿದು ತಾನೂ ಸಾಲಿನಲ್ಲಿ ನಿಂತು ಒಂಬತ್ತನೆಯವನಾದ. ಎಣಿಕೆ ಮುಗಿದ ಮೇಲೆ ಕೈಯೊಡ್ಡಿಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದ.

ಸಾಲಿನ ತಲೆಗೆ ನಿಲ್ಲಿಸಿದ್ದು ಖಂಡೆಪ್ಪನನ್ನೇ. “ನಮ್ಮ ಕಚೇರಿಗೆ ಲಾಭ ನೀವೇ,” ಎಂದರು ಸಾಹೇಬರು.

ಖಂಡೆಪ್ಪನಿಗೆ ತಟ್ಟನೆ ಇಂಡಿಯ ನೆನಪಾಯಿತು. ಇಷ್ಟು ಮೆಚ್ಚಿದವರು ಬಿಟ್ಟು ಕೊಡುತ್ತಾರೆಯೇ? ‘ಇವರು ಕಚೇರಿಗೆ ಅಗತ್ಯ’ ಎಂದು ಒಂದು ಸಾಲು ಗೀಚಿದರೆ ಮುಗಿಯಿತು.

“ಸಾಹೇಬ್ರ, ನನ್ನ ವರ್ಗಾವಣಿ...”

ಸಾಹೇಬರ ಮುಖ ಸಣ್ಣಗಾಯಿತು. ಆಮೇಲೆ ಖಂಡೆಪ್ಪನ ಹೆಗಲ ಮೇಲೆ ಕೈಯಿಟ್ಟರು. “ಇಂಥಾ ಮನುಷ್ಯಾನ್ನ ಕಟ್ಟಿ ಹಾಕಿದ್ರ ನಾನು ವಿಚಾರವಂತ ಆಗಂಗಿಲ್ಲ. ಹೋಗ್ರಿ, ಹೆಂಡ್ತಿ ಕೂಡ ಸುಖವಾಗಿರ್ರಿ. ಪಟ್ಟಿ ನಾನs ಕೈಯಾರೆ ಟೈಪ್ ಮಾಡ್ತೇನಿ. ನಿಮ್ಮ ಹೆಸರು ಎಲ್ಲಾರ್ಗಿಂತ ಮ್ಯಾಲೆ ಇರ್ತೈತಿ. ಚಿಂತಿ ಬಿಡ್ರಿ.”

ಖಂಡೆಪ್ಪನ ಕಣ್ಣಲ್ಲಿ ನೀರೇ ಬಂತು. ಮಾಸ್ತರರ ಕಾಲು ಮುಟ್ಟಿದ, ಸಾಹೇಬರ ಕಾಲು ಮುಟ್ಟಿದ. ಗಡಿಬಿಡಿಯಲ್ಲಿ ಯಂಕಂಚಿಯ ರೈತನ ಕಾಲನ್ನೂ ಮುಟ್ಟಿದ. ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ.

“ಆತು ಅಂತ ತಿಳಿ ಸುವರ್ಣಾ. ಸಾಹೇಬ್ರು ಸ್ವತಃ ಟೈಪ್ ಮಾಡಾಕತ್ತಾರ.”

“ಖರೇನ್ರಿ?” ಎಂದಳು ಅವಳು. “ಹಂಗಾರ ಕಪಾಟಿನ್ಯಾಗ ಒಂದ ಖಾನೆ ಖಾಲಿ ಮಾಡಿಡ್ತೇನ್ರಿ. ಬ್ಯಾಡ, ಎರಡs ಮಾಡ್ತೇನಿ.”

ಸಂಜೆ ಐದೂವರೆಗೆ ಆದೇಶ ಬಂತು. ಮೊದಲು ಕೇಳಿಸಿದ್ದು ವಿಜಯಲಕ್ಷ್ಮಿಯ ಅಳು. ಖಂಡೆಪ್ಪ ಓಡಿಹೋಗಿ ನೋಡಿದ. ಇಂಡಿಗೆ ವರ್ಗ: ವಿಜಯಲಕ್ಷ್ಮಿ. ಅದರ ಕೆಳಗೆ ಇನ್ನೊಂದು ಸಾಲು: ಮುಂದಿನ ವರ್ಗಾವಣೆ ಮೂರು ವರ್ಷದ ನಂತರ.

“ಅಣ್ಣಾ, ನೀವು ಇದ್ರಿ ಅಂತ ನಾ ನೆಚ್ಚಿದ್ದೆನಲ್ರಿ!” ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಅತ್ತಿ ಈಗಾಗಲೇ ಫೋನ್ ಮಾಡಿ ನಾಳಿಂದ ಬಾ ಅನ್ನಾಕತ್ತಾಳ್ರಿ.”

ಖಂಡೆಪ್ಪನಿಗೆ ಏನೂ ತಿಳಿಯಲಿಲ್ಲ. ಸಾಹೇಬರಿಗೂ ತಿಳಿಯಲಿಲ್ಲ. ಜಿಲ್ಲಾ ಕಚೇರಿಗೆ ಫೋನು ಹಚ್ಚಿದರು. ಅಲ್ಲಿಯ ಗುಮಾಸ್ತ ಬೇಸರದ ದನಿಯಲ್ಲಿ ಹೇಳಿದ: “ಸರ, ನಿಮ್ಮ ಪಟ್ಟಿ ಎರಡರಿಂದ ಶುರುವಾಗೈತ್ರಿ. ಕ್ರಮಸಂಖ್ಯೆ ಇಲ್ಲದ ಸಾಲನ್ನ ಕಂಪ್ಯೂಟರು ತಲೆಬರಹ ಅಂತ ತಿಳೀತೈತಿ. ಅದನ್ನ ಬಿಟ್ಟು ಮುಂದಿನವರಿಗೆ ಕೊಟ್ಟೈತ್ರಿ. ಆದೇಶ ಆಗಿಹೋತು, ಈಗ ತೆಗಿಯಾಕ ಬರಂಗಿಲ್ಲ.”

ಸಾಹೇಬರು ನಿಧಾನವಾಗಿ ಪಟ್ಟಿಯ ಪ್ರತಿ ತೆಗೆದು ಟೇಬಲ್ಲಿನ ಮೇಲೆ ಇಟ್ಟರು. ಖಂಡೆಪ್ಪನ ಹೆಸರು ನಿಜಕ್ಕೂ ಎಲ್ಲರಿಗಿಂತ ಮೇಲಿತ್ತು. ದಪ್ಪ ಅಕ್ಷರದಲ್ಲಿತ್ತು. ಅದರ ಎಡಕ್ಕೆ, ಕ್ರಮಸಂಖ್ಯೆಯ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಸಾಹೇಬರು ಗೌರವದಿಂದ ಬರೆದಿದ್ದರು: ಲಾಭ.

“ಜಿಲ್ಲಾ ಕಚೇರ್ಯಾಗ ವಿಚಾರವಂತರು ಯಾರೂ ಇಲ್ಲ,” ಎಂದರು ಸಾಹೇಬರು. ಆಮೇಲೆ, ಸ್ವಲ್ಪ ಉಲ್ಲಾಸದಿಂದಲೇ, “ಇರ್ಲಿ ಬಿಡ್ರಿ, ಮೂರು ವರ್ಷ ಚರ್ಚಾ ಮಾಡಾಕ ನೀವು ಸಿಕ್ಕಿರಿ.”

ಖಂಡೆಪ್ಪ ಮನೆಗೆ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತು ಹೆಂಡತಿಗೆ ವಿಷಯ ಹೇಳಿದ. ಅವಳು ಕೇಳಿದಳು:

“ಎಲ್ಲಾರ್ಗಿಂತ ಹಿರೇರು ನೀವs ಅಲ್ಲೇನ್ರಿ? ಖರೇ ಹೇಳ್ರಿ, ಪಟ್ಟ್ಯಾಗ ನಿಮ್ಮದು ಎಷ್ಟನೇ ನಂಬರ ಇತ್ತು?”

“ಲಾಭ,” ಎಂದ ಖಂಡೆಪ್ಪ.

ಅವಳು ಫೋನು ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಕಪಾಟಿನ ಎರಡು ಖಾನೆಗಳು ನೆನಪಾಗಿ ಅವನಿಗೆ ಸಿಟ್ಟು ಬಂತು. ಗುಂಪಿಗೆ ದೊಡ್ಡ ನಮಸ್ಕಾರ ಹೇಳಿ ಹೊರಬೀಳುವುದೆಂದು ತೀರ್ಮಾನಿಸಿ ಮೈಕಿನ ಗುಂಡಿ ಒತ್ತಿದ.

“ಖಂಡೆಪ್ಪಾ! ಮುಂಜಾನಿ ಅಳದದ್ದು ಒಂದ ಸೇರು ಕಡಿಮಿ ಬಂತಂತ, ಬೀಗರು ಚೀಲ ವಾಪಸ್ ಕಳಿಸ್ಯಾರ. ಬಾ, ಹೊಳ್ಳಿ ಅಳಿ!”

ಫೋನು ಜೇಬಿಗೆ ಹೋಯಿತು. ಖಂಡೆಪ್ಪ ಜೋಳದ ಮುಂದೆ ಕುಕ್ಕರಿಸಿದ. ಸೇರು ತುಂಬಿದ, ಎತ್ತಿದ, ಸಿದ್ದಲಿಂಗವ್ವನ ಮುಖವನ್ನೇ ನೋಡುತ್ತ ಚೀಲಕ್ಕೆ ಸುರಿದು ಓಣಿಗೆಲ್ಲ ಕೇಳುವಂತೆ ಕಿರುಚಿದ: “ಒಂದು! ಒಂದು! ಸಾಯೂತನಾ ಒಂದೇ ಮೊದಲು! ಉಳದದ್ದೆಲ್ಲಾ ಹುಚ್ಚರ ಮಾತು!”

ಸಿದ್ದಲಿಂಗವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಖಂಡೆಪ್ಪನ ಎದೆ ಹಗುರಾಯಿತು. ಹೊತ್ತು ನೋಡಬೇಕೆಂದು ಫೋನು ತೆಗೆದ. ಪರದೆಯ ಮೇಲೆ ಕೆಂಪು ಚುಕ್ಕೆ ಮಿಣುಕುತ್ತಿತ್ತು. ದನಿ ಹಿಡಿಯುತ್ತಲೇ ಇತ್ತು. ಈ ಸಲ ತಪ್ಪಬಾರದೆಂದು ಉಸಿರು ಬಿಗಿಹಿಡಿದು, ಬಹಳ ಎಚ್ಚರಿಕೆಯಿಂದ, ಅಳಿಸುವ ಗುರುತಿನ ಮೇಲೆ ಹೆಬ್ಬೆರಳು ಇಟ್ಟ.

ಫೋನು ಟಿಣ್ ಎಂದಿತು. ಖಂಡೆಪ್ಪನ ದನಿಗೆ ಸಿಂದಗಿಯಿಂದ ಇಸ್ಮಾಯಿಲ ಮಾಸ್ತರರು ಹೆಬ್ಬೆರಳು ಎತ್ತಿದ್ದರು.