ಒಂಬತ್ತು ಸಾವಿರ ಬಲಸುತ್ತು

2022ರ ಡಿಸೆಂಬರ್ 3, ಶನಿವಾರ. ಹಾಸನದಲ್ಲಿ ಒಣ ಹವೆ, ತೆಳು ಬಿಸಿಲು, ಮಧ್ಯಾಹ್ನದ ಮೇಲೆ ಸ್ವಲ್ಪ ಮೂಡಗಾಳಿ. ಆ ದಿನ ಮೂರು ಗಂಟೆ ಹತ್ತು ನಿಮಿಷಕ್ಕೆ, ಜಿಲ್ಲಾ ಕ್ರೀಡಾಕೂಟದ ಮಹಿಳೆಯರ 4x100 ಮೀಟರ್ ರಿಲೇಯಲ್ಲಿ, ಎಂಟು ಮೀಟರ್ ಮುಂದಿದ್ದ ಅರಸೀಕೆರೆ ತಂಡವು ಬ್ಯಾಟನ್ ನೆಲಕ್ಕೆ ಬಿದ್ದ ಕಾರಣ ಸೋತಿತು. ಗಾಳಿಯ ವಿಷಯ ಹೇಳಿದ್ದು ಏಕೆಂದರೆ ವಿಚಾರಣೆಯ ಆರಂಭದಲ್ಲಿ ಅದರ ಮೇಲೂ ಅನುಮಾನವಿತ್ತು.

ಇದನ್ನೆಲ್ಲ ನಾನು ಮೊನ್ನೆ ಹೇಮಲತಾ ಮೇಡಂ ಅವರಿಗೆ ಹೇಳಬೇಕಾಯಿತು. ಅವರು ನಮ್ಮೂರು ಅರಸೀಕೆರೆಗೆ ಹೊಸದಾಗಿ ವರ್ಗವಾಗಿ ಬಂದಿರುವ ದೈಹಿಕ ಶಿಕ್ಷಣ ಶಿಕ್ಷಕಿ. ಮೊದಲ ಬೆಳಿಗ್ಗೆಯೇ ಮೈದಾನಕ್ಕೆ ಬಂದು, ಬೇರೆ ಊರುಗಳಲ್ಲಿ ಓಡುವ ಹಾಗೆ ಎಡಕ್ಕೆ ತಿರುಗುತ್ತ ಓಡಿ, ಎದುರಿನಿಂದ ಗುಂಪಾಗಿ ಬರುತ್ತಿದ್ದ ವಾಯುವಿಹಾರಿಗಳಿಗೆ ಡಿಕ್ಕಿ ಹೊಡೆದು, ಕಲ್ಲುಬೆಂಚಿನ ಮೇಲೆ ಮೊಣಕೈ ಹಿಡಿದುಕೊಂಡು ಕೂತಿದ್ದರು. ನಾನು ತಾಲ್ಲೂಕು ಕ್ರೀಡಾ ಅಭ್ಯುದಯ ಸಮಿತಿಯ ಕಾರ್ಯದರ್ಶಿ. ಹೊಸಬರಿಗೆ ನಿಯಮ ತಿಳಿಸುವುದು ನನ್ನ ಕರ್ತವ್ಯಗಳಲ್ಲಿ ಒಂದು.

"ಇಲ್ಲಿ ಎಲ್ಲರೂ ಉಲ್ಟಾ ಓಡ್ತಾರಲ್ಲ ಸಾರ್," ಅಂದರು ಮೇಡಂ.

"ಉಲ್ಟಾ ಓಡುತ್ತಿದ್ದದ್ದು ಮೊದಲು. ಈಗ ಸರಿಮಾಡಿದ್ದೇವೆ," ಎಂದು ನಾನು ಮೊದಲಿನಿಂದ ಹೇಳಿದೆ.

ಸಮಿತಿಯಲ್ಲಿ ಹನ್ನೊಂದು ಸದಸ್ಯರು. ಏಳು ಮಂದಿ ಕೊಬ್ಬರಿ ಕೊಳ್ಳುವವರು, ಉಳಿದ ನಾಲ್ವರು ಕೊಬ್ಬರಿ ಮಾರುವವರು. ಹೀಗಾಗಿ ಎಲ್ಲ ಬಗೆಯ ಅಭಿಪ್ರಾಯಗಳಿಗೂ ಅವಕಾಶವಿದೆ. ಅಧ್ಯಕ್ಷರು ಚನ್ನಬಸವಯ್ಯನವರು. ಕ್ರೀಡೆಯ ಬಗ್ಗೆ ಅವರಿಗಿರುವ ಕಾಳಜಿ ದೊಡ್ಡದು. ಆ ವರ್ಷ ಕ್ರೀಡಾಕೂಟಕ್ಕೆ ಐದು ದಿನ ಇರುವಾಗ ಅವರೇ ಖುದ್ದಾಗಿ ತಂಡದ ಬ್ಯಾಟನ್ನನ್ನು ಒಯ್ದು ತಮ್ಮ ಮನೆದೇವರ ಗುಡಿಯಲ್ಲಿ ಪಾದದ ಬಳಿ ಇಡಿಸಿದರು. ನಾಲ್ಕು ದಿನ ಅದು ಅಲ್ಲೇ ಇತ್ತು. ಆ ನಾಲ್ಕು ದಿನ ಬ್ಯಾಟನ್ ಬದಲಿಸುವ ಅಭ್ಯಾಸಕ್ಕೆ ನಿಗದಿಯಾಗಿತ್ತು. ಬ್ಯಾಟನ್ ಇಲ್ಲದ ಕಾರಣ ಹುಡುಗಿಯರನ್ನು ವ್ಯಾನಿನಲ್ಲಿ ಕೂರಿಸಿ ಒಂದು ದಿನ ಬೇಲೂರು, ಒಂದು ದಿನ ಹಳೇಬೀಡು, ಯಾರಿಗೂ ಬೇಸರವಾಗಬಾರದೆಂದು ಬಸ್ತಿಹಳ್ಳಿಯ ಬಸದಿಗಳು, ಹೀಗೆ ತೋರಿಸಿಕೊಂಡು ಬರಲಾಯಿತು. ನಾಲ್ಕನೆಯ ದಿನ ವಿಶ್ರಾಂತಿ. ಐದನೆಯ ದಿನ ಬ್ಯಾಟನ್ ಅರಿಶಿನ ಕುಂಕುಮ ಸಮೇತ ಹಾಸನಕ್ಕೆ ಬಂತು.

ಮೂರನೆಯ ಓಟಗಾರ್ತಿ ಬಾಣಾವರದ ಧನುಶ್ರೀ. ಅವಳು ಅದನ್ನು ಕೊನೆಯ ಓಟಗಾರ್ತಿ, ಕಣಕಟ್ಟೆಯ ಶರ್ಮಿಳಾಗೆ ಕೊಡಬೇಕಿತ್ತು. ಇಬ್ಬರೂ ಡಿಗ್ರಿ ಓದುತ್ತಿದ್ದವರು, ಒಂದೇ ಬೆಂಚಿನವರು. ಬ್ಯಾಟನ್ ಬಿದ್ದದ್ದು ಅವರಿಬ್ಬರ ನಡುವೆ.

ಸೋಮವಾರವೇ ಸಮಿತಿ ಸೇರಿ ವಿಚಾರಣೆ ಮುಗಿಯುವ ತನಕ ಶರ್ಮಿಳಾಳನ್ನು ತಂಡದಿಂದ ಹೊರಗಿಟ್ಟಿತು. ಬಿದ್ದ ವಸ್ತು ಯಾರ ಕಾಲ ಹತ್ತಿರ ಇರುತ್ತದೋ ಜವಾಬ್ದಾರಿ ಅವರದು ಎಂಬ ನಿಯಮ ಇದೆ. ತೆಂಗಿನಕಾಯಿಯ ವಿಷಯದಲ್ಲಿ ಮಾಡಿಕೊಂಡಿದ್ದ ನಿಯಮವನ್ನು ಬ್ಯಾಟನ್ನಿಗೂ ಅನ್ವಯಿಸಲಾಯಿತು.

ಮಾರನೆಯ ದಿನ ಧನುಶ್ರೀ ಕಚೇರಿಗೆ ಬಂದಳು.

"ಸಾರ್, ಅವಳದ್ದೇನೂ ಇಲ್ಲ. ನಾನು ಪಕ್ಕದ ಲೇನ್ ನೋಡ್ದೆ. ಅವಳ ಕೈಗೆ ಸಿಕ್ಕೋ ಮುಂಚೆನೇ ಬಿಟ್ಬಿಟ್ಟೆ. ತಪ್ಪು ನಂದು, ಬರ್ಕೊಳಿ."

ನಾನು ಪರಾಭವ ಕಾರಣ ನಮೂನೆಯನ್ನು ತೆಗೆದು ತೋರಿಸಿದೆ. ಅದರಲ್ಲಿ ಐದು ಅಂಕಣಗಳಿವೆ: ದೈವಕೋಪ, ಗ್ರಹಚಾರ, ದೃಷ್ಟಿ, ವಾಸ್ತು, ಹವಾಮಾನ. ಅವಳು ಎರಡು ಸಲ ಓದಿದಳು.

"ಇದರಲ್ಲಿ ನಾನು ಎಲ್ಲಿ ಬರ್ತೀನಿ ಸಾರ್?"

ಅಷ್ಟರಲ್ಲಿ ಅಧ್ಯಕ್ಷರು ಒಳಗೆ ಬಂದರು. ವಿಷಯ ಕೇಳಿ ಅವರಿಗೆ ನಿಜವಾಗಿ ಕನಿಕರವಾಯಿತು.

"ನೀನ್ಯಾರಮ್ಮ ಬೀಳ್ಸೋಕೆ? ಇಲ್ಲಿ ಹನ್ನೊಂದು ಜನ ದೊಡ್ಡೋರು ತಲೆ ಕೆಡಿಸ್ಕೊಂಡು ಕೂತಿದ್ದೀವಿ, ಕಾರಣ ಇನ್ನೂ ಸಿಕ್ಕಿಲ್ಲ. ನಿಂಗೆ ಒಂದೇ ದಿನದಲ್ಲಿ ಸಿಕ್ಬಿಡ್ತಾ?"

"ಕೈ ನಂದಲ್ವಾ ಸಾರ್."

"ಕೈ ನಿಂದು ಅಂದ್ಕೊಳೋದೇ ಅಹಂಕಾರ ಕಣಮ್ಮ. ಮನೆಗೆ ಹೋಗಿ ಊಟ ಮಾಡು."

ಹೀಗೆ ಅವಳ ಹೇಳಿಕೆ ಅಂಕಣದ ಅಭಾವದಿಂದ ದಾಖಲಾಗಲಿಲ್ಲ. ಶರ್ಮಿಳಾ ಹೊರಗೇ ಉಳಿದಳು.

ಆ ವಾರವೇ ಸಮಿತಿಯು ಸ್ಥಳಪರಿಶೀಲನೆಗೆ ಹಳೇಬೀಡಿಗೆ ಹೋಯಿತು. ಓಟ ನಡೆದದ್ದು ಹಾಸನದಲ್ಲಿ ಎಂದು ತರಬೇತುದಾರ ಇಂದ್ರೇಶ್ ನೆನಪಿಸಿದ. ಚಾಲಕನಿಗೆ ಹಳೇಬೀಡಿನ ರಸ್ತೆ ಚೆನ್ನಾಗಿ ಗೊತ್ತಿದ್ದುದರಿಂದ ಅದನ್ನೇ ಅಂತಿಮಗೊಳಿಸಲಾಗಿತ್ತು.

ದೇವಸ್ಥಾನದ ಜಗತಿಯ ಮೇಲೆ ಅಧ್ಯಕ್ಷರು ಮಾತಾಡುತ್ತ ನಡೆಯುತ್ತಿದ್ದಾಗ ಅಲ್ಲಿನ ಗೈಡ್ ಚನ್ನಕೇಶವ ತಡೆದ. "ಸ್ವಾಮಿ, ಹಂಗಲ್ಲ, ಈ ಕಡೆಯಿಂದ ಬನ್ನಿ. ದೇವರು ಬಲಗೈ ಕಡೆಗಿರಬೇಕು. ನೀವು ಅಪ್ರದಕ್ಷಿಣೆ ಬತ್ತಾ ಇದ್ದೀರಿ."

ಅಧ್ಯಕ್ಷರು ಆನೆಸಾಲಿನ ಎದುರು ನಿಂತುಬಿಟ್ಟರು. ಆಮೇಲೆ ಕೇಳಿದರು:

"ಇಂದ್ರೇಶ, ನಮ್ ಹುಡುಗೀರು ಓಡುವಾಗ ಮೈದಾನದ ಮಧ್ಯ ಯಾವ ಕೈ ಕಡೆಗಿರ್ತೈತೆ?"

"ಎಡಗೈ ಸಾರ್."

"ಎಷ್ಟು ದಿನದಿಂದ ಹಿಂಗೆ?"

"ಯಾವಾಗ್ಲೂ ಹಂಗೇ ಸಾರ್. ಪ್ರಪಂಚದಲ್ಲೆಲ್ಲ ಹಂಗೇ ಓಡೋದು."

"ಪ್ರಪಂಚ ಉದ್ಧಾರ ಆಗೈತಾ?"

"ಗೆದ್ದ ತಂಡದವರೂ ಎಡಕ್ಕೇ ಓಡಿದ್ರಲ್ಲ ಸಾರ್," ಅಂದ ಇಂದ್ರೇಶ್.

"ಅವರ ಪಾಪ ಅವರು ತಿಂತಾರೆ. ನಮ್ದು ನಾವು ನೋಡ್ಕೊಳ್ಳಾಣ."

ಕಾರಣ ಸಿಕ್ಕಿತ್ತು. ಮುಂದಿನ ಸಭೆಯಲ್ಲಿ ಒಂದೇ ಒಂದು ತಾಂತ್ರಿಕ ಅಡಚಣೆ ಎದುರಾಯಿತು. ಪ್ರದಕ್ಷಿಣೆ ಅಪ್ರದಕ್ಷಿಣೆ ಎನ್ನಲು ಮಧ್ಯದಲ್ಲಿ ದೇವರಿರಬೇಕು. ನಮ್ಮ ಮೈದಾನದ ಮಧ್ಯದಲ್ಲಿ ಗರಿಕೆ ಮತ್ತು ಹರಿದ ಒಂದು ವಾಲಿಬಾಲ್ ನೆಟ್ ಮಾತ್ರ ಇವೆ. ದೇವರು ಎಲ್ಲೆಲ್ಲೂ ಇರುವುದರಿಂದ ಅಲ್ಲಿಯೂ ಇದ್ದಾನೆ ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಎಲ್ಲೆಲ್ಲೂ ಇದ್ದರೆ ಓಡುವವರ ಬಲಗಡೆ, ಕಾಂಪೌಂಡಿನ ಆಚೆಯೂ ಇರಬೇಕಲ್ಲ ಎಂದು ಇಂದ್ರೇಶ್ ಕೇಳಿದ. ಆಗ ಚಹಾ ವಿರಾಮ ಘೋಷಿಸಲಾಯಿತು. ವಿರಾಮದ ನಂತರ ಪ್ರಶ್ನೆ ಯಾರಿಗೂ ನೆನಪಿರಲಿಲ್ಲ. ಅದನ್ನು ನಡವಳಿಯಲ್ಲಿ ಬರೆಯಬೇಕೆಂದು ನನಗೂ ಯಾರೂ ಹೇಳಲಿಲ್ಲ.

ಆಗ ಹೊರಡಿಸಿದ ಪ್ರಕಟಣೆಯ ಪ್ರತಿ ಈಗಲೂ ಗೇಟಿನ ಬಳಿ ಇದೆ. ಮೇಡಂ ಬೆಂಚಿನಿಂದ ಎದ್ದು ಹೋಗಿ ಓದಿ ಬಂದರು:

"ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಮೈದಾನದಲ್ಲಿ ಸ್ಥಾಪನೆಯಾದ ಲಾಗಾಯ್ತು ಅಪ್ರದಕ್ಷಿಣೆಯಾಗಿ ಓಡಿರುವುದು ಕಂಡುಬಂದಿದ್ದು, ಇನ್ನು ಮುಂದೆ ಓಟ, ನಡಿಗೆ ಮತ್ತು ಅಡ್ಡಾಟಗಳನ್ನು ಬಲಸುತ್ತಿನಲ್ಲಿಯೇ ನಡೆಸತಕ್ಕದ್ದು. ಹಿಂದಿನ ಎಡಸುತ್ತುಗಳನ್ನು ಒಟ್ಟು ಒಂಬತ್ತು ಸಾವಿರವೆಂದು ನಿರ್ಧರಿಸಲಾಗಿದ್ದು, ಅಷ್ಟೇ ಸಂಖ್ಯೆಯ ಬಲಸುತ್ತುಗಳನ್ನು ಓಡಿ ತೀರಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಸೋಲುಗಳಿಗೆ ಸಮಿತಿಯು ಜವಾಬ್ದಾರಿಯಲ್ಲ."

"ಒಂಬತ್ತು ಸಾವಿರ ಅಂತ ಹೇಗೆ ಗೊತ್ತಾಯ್ತು?"

"ಹತ್ತು ಸಾವಿರ ಎಂಬ ಸಲಹೆಯೂ ಇತ್ತು. ಚೌಕಾಸಿ ಮಾಡಿ ಇಳಿಸಿದರು."

ಸಮಿತಿಯವರು ಪಾಲು ಹಾಕಿಕೊಂಡು ತಾವೇ ಓಡುವುದೆಂದು ಮೊದಲು ತೀರ್ಮಾನವಾಗಿತ್ತು. ಆದರೆ ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಸೊಂಟ, ಉಳಿದವರಿಗೆ ಕೊಬ್ಬರಿ ಹರಾಜು. ಪೂಜೆಯನ್ನು ಒಬ್ಬರ ಹೆಸರಲ್ಲಿ ಇನ್ನೊಬ್ಬರು ಮಾಡುವಂತೆ ಓಟವನ್ನೂ ಪ್ರತಿನಿಧಿಯ ಮೂಲಕ ಮಾಡಿಸಬಹುದು ಎಂದು ನಿಯಮಕ್ಕೆ ತಿದ್ದುಪಡಿ ತರಲಾಯಿತು. ಪ್ರತಿನಿಧಿಗಳು ಯಾರೂ ಮುಂದೆ ಬರಲಿಲ್ಲ. ಹದಿನೈದು ದಿನವಾದ ಮೇಲೆ ಧನುಶ್ರೀ ಬಂದಳು.

"ಅಷ್ಟೂ ಸುತ್ತು ನಾನು ಓಡ್ತೀನಿ. ಆಮೇಲೆ ತಪ್ಪು ನಂದು ಅಂತ ಒಂದು ಸಾಲು ಬರೀರಿ, ಶರ್ಮಿಳಾನ ವಾಪಸ್ ತಗೊಳಿ."

ಅಧ್ಯಕ್ಷರು ಯೋಚಿಸಿದರು. "ದೊಡ್ಡ ಕಾರಣ ತೀರಿದ ಮ್ಯಾಲೆ ಸಣ್ಣ ಕಾರಣ ನೋಡಬಹುದು. ಆಗ್ಲಿ."

"ಬಾಯಲ್ಲಿ ಹೇಳಿದ್ರೆ ಆಗಲ್ಲ ಸಾರ್."

"ಏನಮ್ಮ, ನಮ್ಮ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದ್ದಿದ್ದಕ್ಕೇ ಹೋದ ಸಲ ಬ್ಯಾಟನ್ನು ಗುಡೀಲಿತ್ತು ಸಾರ್."

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಬರೆದುಕೊಟ್ಟೆ.

2023ರ ಫೆಬ್ರವರಿ ಒಂದರಿಂದ ಅವಳು ದಿನಕ್ಕೆ ಮೂವತ್ತು ಸುತ್ತು ಓಡಿದಳು. ಬೆಳಿಗ್ಗೆ ಹದಿನೈದು, ಕಾಲೇಜು ಬಿಟ್ಟ ಮೇಲೆ ಹದಿನೈದು. ಬಾಣಾವರದಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಎಣಿಸಿ ಬರೆಯುವ ಕೆಲಸ ನನ್ನದು. ನಾಲ್ಕನೆಯ ದಿನದಿಂದ ಶರ್ಮಿಳಾಳೂ ಜೊತೆಗೆ ಓಡತೊಡಗಿದಳು. ಅವಳು ತಂಡದಿಂದ ಹೊರಗಿದ್ದವಳಾದ್ದರಿಂದ ಅವಳ ಸುತ್ತುಗಳು ಅಮಾನ್ಯವೆಂದು ತಿಳಿಸಿದೆ. "ಗೊತ್ತು ಸಾರ್, ಬರೀಬೇಡಿ," ಎಂದು ಓಡುತ್ತಲೇ ಹೋದಳು. ಬೇಜಾರು ಕಳೆಯಲಿಕ್ಕೋ ಏನೋ ಇಬ್ಬರ ಬಳಿ ಒಂದು ತುಂಡು ಬಿದಿರು ಇತ್ತು. ಪ್ರತಿ ಸುತ್ತಿನ ಕೊನೆಗೆ ಹಿಂದಿನವಳು "ಹಾ" ಎಂದು ಕೂಗುತ್ತಿದ್ದಳು, ಮುಂದಿನವಳು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚುತ್ತಿದ್ದಳು. ಮೊದಲ ತಿಂಗಳು ಬಿದಿರು ಆಗಾಗ ಬೀಳುತ್ತಿತ್ತು. ಆಮೇಲೆ ಬೀಳುವುದನ್ನು ನಾನು ನೋಡಲಿಲ್ಲ. ಅದಕ್ಕೆ ಅಂಕಣವಿಲ್ಲದ ಕಾರಣ ಬರೆದುಕೊಂಡೂ ಇಲ್ಲ.

ಊರಿನವರು ಹೊಸ ಪದ್ಧತಿಗೆ ಬೇಗ ಹೊಂದಿಕೊಂಡರು. ಬೆಳಗಿನ ನಡಿಗೆ ಸಂಘದ ಕಮಲಾಕ್ಷಮ್ಮನವರಿಗೆ ಹನ್ನೆರಡು ವರ್ಷದಿಂದ ಎಡಮಂಡಿ ನೋವಿತ್ತು. ಬಲಸುತ್ತು ಶುರುವಾದ ಎರಡೇ ತಿಂಗಳಲ್ಲಿ ಅದು ಬಲಮಂಡಿಗೆ ಬಂತು. ನೋವು ಜಾಗ ಬಿಟ್ಟು ಕದಲಿದ್ದು ಇದೇ ಮೊದಲೆಂದು ಅವರು ಸಮಿತಿಗೆ ಪತ್ರ ಬರೆದರು. ಅದನ್ನು ಫ್ರೇಮು ಹಾಕಿಸಲಾಗಿದೆ.

ನವೆಂಬರ್ 27ಕ್ಕೆ ಓಟ ಮುಗಿಯಿತು. 29ರ ಸಂಜೆಯೊಳಗೆ ಆ ವರ್ಷದ ತಂಡದ ಪಟ್ಟಿ ಹಾಸನಕ್ಕೆ ಹೋಗಬೇಕಿತ್ತು. ಅಂದು ಬೆಳಿಗ್ಗೆ ಹತ್ತಕ್ಕೆ ಸಭೆ ಕೂತಿತು. ಧನುಶ್ರೀ ಮತ್ತು ಶರ್ಮಿಳಾ ಬಾಗಿಲ ಹೊರಗೆ ನಿಂತಿದ್ದರು.

ಇಲ್ಲಿ ಗಂಭೀರ ಸಮಸ್ಯೆಯೊಂದು ಕಂಡುಬಂತು. ತಪ್ಪು ಧನುಶ್ರೀಯದೆಂದು ಬರೆದರೆ ಅಪ್ರದಕ್ಷಿಣೆಯದಲ್ಲ ಎಂದಾಗುತ್ತದೆ. ಅಪ್ರದಕ್ಷಿಣೆಯದಲ್ಲ ಎಂದರೆ ಒಂಬತ್ತು ಸಾವಿರ ಸುತ್ತು ಓಡಿಸಿದ್ದು ಸಮಿತಿಯ ತಪ್ಪಾಗುತ್ತದೆ. ಸಮಿತಿಯ ತಪ್ಪಿಗೆ ನಮೂನೆಯೇ ಇಲ್ಲ. ಬರೆಯದಿದ್ದರೆ ಬರೆದುಕೊಟ್ಟ ಕಾಗದ ಅವಳ ಬ್ಯಾಗಿನಲ್ಲಿದೆ. ಮಧ್ಯಾಹ್ನದ ಊಟಕ್ಕೂ ಏಳದೆ ಸದಸ್ಯರು ಚರ್ಚಿಸಿದರು. ಊಟವನ್ನು ಅಲ್ಲಿಗೇ ತರಿಸಲಾಯಿತು. ನಾಲ್ಕೂವರೆಗೆ ಸರ್ವಾನುಮತದಿಂದ ಒಂದು ಸಾಲು ಸಿದ್ಧವಾಯಿತು. ನಾನು ಹೊರಗೆ ಹೋಗಿ ಓದಿದೆ:

"ಸದರಿ ಬ್ಯಾಟನ್ ಕುಮಾರಿ ಧನುಶ್ರೀ ಇವರ ತಪ್ಪಿನಿಂದ, ಇವರದು ಯಾವುದೇ ತಪ್ಪಿಲ್ಲದೆ, ಬಿದ್ದಿರುತ್ತದೆ."

ಶರ್ಮಿಳಾ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು.

"ಮೊದಲರ್ಧ ಸಾಕಾಗಿತ್ತು ಸಾರ್," ಅಂದಳು ಧನುಶ್ರೀ.

"ಎರಡೂ ಸೇರಿ ಮಂಜೂರಾಗಿರೋದಮ್ಮ. ಬಿಡಿಸಿ ಕೊಡೋಕೆ ಬರಲ್ಲ."

ಅವಳು ಗಡಿಯಾರ ನೋಡಿದಳು, ಶರ್ಮಿಳಾಳನ್ನು ನೋಡಿದಳು, ಸಹಿ ಮಾಡಿದಳು. ಐದು ಗಂಟೆಗೆ ಪಟ್ಟಿ ಹೋಯಿತು. ಅದರಲ್ಲಿ ಶರ್ಮಿಳಾಳ ಹೆಸರಿತ್ತು.

ಹಾಸನದಲ್ಲಿ ಬಲಸುತ್ತು ಓಡಿಸಬೇಕೆಂಬ ನಮ್ಮ ಮನವಿ ಇನ್ನೂ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂದಿತ್ತು. ಆದುದರಿಂದ ಪರಸ್ಥಳದಲ್ಲಿ ಅಲ್ಲಿಯವರಂತೆ ಓಡಲು ಸಮಿತಿಯು ವಿನಾಯಿತಿ ನೀಡಿತು. ಹುಡುಗಿಯರು ಎಡಕ್ಕೇ ಓಡಿದರು. ಕೊನೆಯ ತಿರುವು ಮುಗಿಯುವಲ್ಲಿ "ಹಾ" ಎಂಬ ಕೂಗು ನನಗೆ ಕೇಳಿಸಿತು. ಬ್ಯಾಟನ್ ಕೈ ಬದಲಾದದ್ದು ಕಾಣಿಸಲಿಲ್ಲ, ಅಷ್ಟು ಬೇಗ ಆಯಿತು. ಹತ್ತು ಮೀಟರ್ ಅಂತರದಲ್ಲಿ ಗೆದ್ದರು.

ಗೆಲುವಿಗೆ ಬಲಸುತ್ತೇ ಕಾರಣವೆಂದು ಸಮಿತಿಯು ನಿರ್ಣಯ ಅಂಗೀಕರಿಸಿತು. ಕೈ ತಮ್ಮದು ಎಂದು ಹುಡುಗಿಯರು ಈ ಸಲ ಹೇಳಲು ಬರಲಿಲ್ಲ. ಈಗ ಬೇರೆ ತಾಲ್ಲೂಕುಗಳಿಂದಲೂ ಜನ ಬಂದು ನಮ್ಮ ಮೈದಾನ ನೋಡಿಕೊಂಡು ಹೋಗುತ್ತಾರೆ. ಇಂದ್ರೇಶನೂ ಮಕ್ಕಳಿಗೆ ಬಲಸುತ್ತನ್ನೇ ಕಲಿಸುತ್ತಾನೆ.

ಹೇಮಲತಾ ಮೇಡಂ ಮೊಣಕೈಗೆ ಅಂಟಿದ್ದ ಮಣ್ಣು ಒರೆಸಿಕೊಂಡರು. "ಸರಿ ಸಾರ್, ನಾಳೆಯಿಂದ ನಾನೂ ಈ ಕಡೆಯಿಂದಲೇ ಓಡ್ತೀನಿ. ಡಿಕ್ಕಿ ಹೊಡೆಯೋದಾದ್ರೂ ತಪ್ಪುತ್ತೆ." ಆಮೇಲೆ ಗೇಟಿನ ಪಕ್ಕದ ನೆನಪಿನ ಕಲ್ಲಿನ ಕಡೆ ಬೆರಳು ತೋರಿಸಿದರು. "ಆ ಕಲ್ಲಿನಲ್ಲಿ 'ಅಧ್ಯಕ್ಷರ ನೇತೃತ್ವದಲ್ಲಿ ತೀರಿಸಲಾಯಿತು' ಅಂತ ಕೆತ್ತಿದೆಯಲ್ಲ. ಅವರು ಎಷ್ಟು ತೀರಿಸಿದ್ರು?"

"ಒಂದು ಸುತ್ತು. ಬಲಸುತ್ತಿನ ಉದ್ಘಾಟನೆಯ ದಿನ."

"ಪೂರ್ತಿ?"

ನಾನು ವಿವರಿಸಿದೆ. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹರಿಯುವ ಕಡೆಯನ್ನು ದಾಟಬಾರದು, ಅಲ್ಲಿಯ ತನಕ ಹೋಗಿ ಬಂದ ದಾರಿಯಲ್ಲೇ ಹಿಂತಿರುಗಬೇಕು ಎಂಬ ಸಂಪ್ರದಾಯವಿದೆ. ನಮ್ಮ ಮೈದಾನದ ಉತ್ತರಕ್ಕೆ ಮಳೆನೀರಿನ ಚರಂಡಿ ಇದೆ. ಅಧ್ಯಕ್ಷರು ಚರಂಡಿಯ ತನಕ ಬಲಕ್ಕೆ ನಡೆದರು, ಕೈ ಮುಗಿದರು, ಅಲ್ಲಿಂದ ಎಡಕ್ಕೆ ತಿರುಗಿ ಹಿಂದಕ್ಕೆ ಬಂದರು.

ಮೇಡಂ ಬೆರಳಿನಿಂದ ಗಾಳಿಯಲ್ಲಿ ಅರ್ಧ ಸುತ್ತು ಬರೆದು, ಮತ್ತೆ ಅದನ್ನೇ ಹಿಂದಕ್ಕೆ ಬರೆದರು. "ಹಾಗಾದ್ರೆ ಅದು ಸೊನ್ನೆ ಆಯ್ತಲ್ಲ ಸಾರ್."

"ಧನುಶ್ರೀಗೂ ಹಾಗೇ ಅನ್ನಿಸಿತ್ತು. ಕೊನೆಯ ದಿನ ಅವಳ ಪಾಲಿನದು ಮುಗಿದ ಮೇಲೆ ಇನ್ನೊಂದು ಸುತ್ತು ಓಡಿದಳು. ಯಾಕಮ್ಮ ಎಂದು ಕೇಳಿದ್ದಕ್ಕೆ, ಬಾಕಿ ಇಟ್ಕೋಬಾರದು ಸಾರ್ ಅಂದಳು. ಅಲ್ಲಿಗೆ ಒಂಬತ್ತು ಸಾವಿರವನ್ನೂ ತೀರಿಸಿದವಳು ಅವಳೇ. ಪುಸ್ತಕದಲ್ಲಿ ಆ ಒಂದು ಸುತ್ತಿನ ಎದುರು ಅಧ್ಯಕ್ಷರ ಹೆಸರಿದೆ. ಬರೆದವನು ನಾನು."